ಕಣಗಲಾ ಕಡೆನಾ, ಕಾಗಲ್ ಕಡೆನಾ? ಮಷಿನ್ ಶಾಪ್ ಎಲ್ಲಿ ಹಾಕೋದು

ನಿಪ್ಪಾಣಿಯವ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯೋ ಮಷಿನ್‌ಗಳು) ಹಾಕಬೇಕು ಅಂತಿದ್ದೇವೆ. ಕಾಸ್ಟಿಂಗ್ ಮಷಿನಿಂಗ್ ಜಾಬ್‌ವರ್ಕ್, ಅಂದರೆ ಫೌಂಡ್ರಿಯವರ ಎರಕದ ಮಾಲನ್ನ ಕೂಲಿಗೆ ಕಡೆದು ಕೊಡೋದು. ಇತ್ತ ಕಣಗಲಾದಲ್ಲಿ ಕೆಐಎಡಿಬಿ (ಕರ್ನಾಟಕ ಸರ್ಕಾರದ ಕೈಗಾರಿಕಾ ಪ್ರದೇಶ), ಅತ್ತ ಗಡಿ ದಾಟಿದರೆ ಕಾಗಲ್‌ನಲ್ಲಿ ಎಂಐಡಿಸಿ (ಮಹಾರಾಷ್ಟ್ರ ಸರ್ಕಾರದ್ದು). ಎರಡೂ ಹೈವೇ ಪಕ್ಕದಲ್ಲೇ, ಮನೆಗೂ ಹತ್ತಿರ. ಮಹಾರಾಷ್ಟ್ರದಲ್ಲಿ ಸಬ್ಸಿಡಿ ಜಾಸ್ತಿ ಅಂತ ಒಬ್ಬರು, ಕರ್ನಾಟಕದಲ್ಲಿ ಕರೆಂಟ್ ಅಗ್ಗ ಅಂತ ಇನ್ನೊಬ್ಬರು. ಏನು ನೋಡಿ ತೀರ್ಮಾನ ಮಾಡಬೇಕು?

ಉದ್ಯಮಬಾಗ್ ಹಳಬ:
ಸಬ್ಸಿಡಿಯನ್ನ ಮೊದಲು ಲೆಕ್ಕದಿಂದ ತೆಗೀರಿ. ಬಂದಾಗ ಬರಲಿ. ಅದಿಲ್ಲದೆ ಬ್ಯಾಂಕ್ ಕಂತು ಕಟ್ಟೋಕೆ ಆಗುತ್ತಾ ಅಂತ ನೋಡಿ.

ಕರೆಂಟ್ ಮಾತು ಸುಳ್ಳಲ್ಲ. 2013ರ ಹೊತ್ತಿಗೆ ಕೊಲ್ಹಾಪುರದ ಉದ್ಯಮಿಗಳೇ ದರ ತಡೆಯೋಕಾಗದೆ ಕರ್ನಾಟಕಕ್ಕೆ ಬರ್ತೀವಿ ಅಂತ ಜಾಗ ಕೇಳಿದ್ದರು. ಆದರೆ ಬರೀ ಯೂನಿಟ್ ದರ ನೋಡಬೇಡಿ. ಎರಡೂ ಕಡೆ ನಿಮ್ಮಷ್ಟೇ ಲೋಡ್ ಇರೋ ಶೆಡ್‌ನವರ ಹತ್ತಿರ ಒಂದು ವರ್ಷದ ಬಿಲ್ ಇಸ್ಕೊಂಡು, ಫಿಕ್ಸೆಡ್ ಚಾರ್ಜ್ ಎಷ್ಟು, ಮಳೆಗಾಲದಲ್ಲಿ ಎಷ್ಟು ಸಲ ಕರೆಂಟ್ ಹೋಗುತ್ತೆ ಅಂತ ಕೇಳಿ. ಮಷಿನ್ ಲೋಹ ಕಡಿಯುವಾಗ ಕರೆಂಟ್ ಹೋದರೆ ಟೂಲೂ ಹೋಯ್ತು, ಜಾಬೂ ಹೋಯ್ತು.

ಲೆಕ್ಕಪತ್ರ:
ಅಣ್ಣಾ, ಒಂದೇ ಪ್ರಶ್ನೆ. ಮಾಲು ಯಾರದು?

ಕಾಸ್ಟಿಂಗ್ ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವ್ ಕಡೆಯಿಂದ ಬರೋದಾದರೆ, ಕಣಗಲಾದಲ್ಲಿ ಶೆಡ್ ಹಾಕಿದರೆ ಗಡಿ ನಿಮಗೆ ದಿನಾ ಅಡ್ಡ ಬರುತ್ತೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಚೆಕ್‌ಪೋಸ್ಟ್ ಕ್ಯೂ ಹೋಯ್ತು, ನಿಜ. ಆದರೆ ಜಾಬ್‌ವರ್ಕ್ ಮಾಲು ಬೇರೆ ರಾಜ್ಯಕ್ಕೆ ಕಳಿಸುವಾಗ ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ) ಆಗಲೇಬೇಕು. ಟೆಂಪೊದಲ್ಲಿ ಹತ್ತು ಪಂಪ್ ಬಾಡಿ ಹಾಕಿ ಕಳಿಸಿದರೂ ಬೇಕು. ಅದೇ ಮಹಾರಾಷ್ಟ್ರದ ಒಳಗೇ ಓಡಾಡಿದರೆ 1 ಲಕ್ಷದವರೆಗೆ ಅದರ ಗೋಜಿಲ್ಲ. ಜೊತೆಗೆ ಚಲನ್, ಐಟಿಸಿ-04 (ಜಾಬ್‌ವರ್ಕ್‌ಗೆ ಕಳಿಸಿದ ಮಾಲಿನ ಜಿಎಸ್‌ಟಿ ಫಾರ್ಮ್) ಲೆಕ್ಕ ಎಲ್ಲ ಮಾಲು ಕಳಿಸಿದವರ ತಲೆ ಮೇಲೆ. ವರ್ಷದೊಳಗೆ ಮಾಲು ವಾಪಸ್ ಬರದಿದ್ದರೆ ಬಡ್ಡಿ ಸಮೇತ ತೆರಿಗೆ ಕಟ್ಟೋರೂ ಅವರೇ. ಹಾಗಾಗಿ ಸಣ್ಣ ಫೌಂಡ್ರಿಯವರು ಪಕ್ಕದ ಶೆಡ್‌ಗೇ ಕೆಲಸ ಕೊಡೋಕೆ ನೋಡ್ತಾರೆ. ನೀವು ರೇಟ್ ಇಳಿಸಿದರೂ ಅವರ ಮನಸ್ಸು ಬದಲಾಗೋದು ಕಷ್ಟ.

ನಿಪ್ಪಾಣಿಯವ:
ಇದನ್ನ ಯಾರೂ ಹೇಳಿರಲಿಲ್ಲ ಸರ್. ಸದ್ಯಕ್ಕೆ ಮಾತು ಕೊಟ್ಟಿರೋರು ಇಬ್ಬರು, ಒಬ್ಬರು ಬೆಳಗಾವಿ, ಒಬ್ಬರು ಕೊಲ್ಹಾಪುರ. ಗಡಿ ಗಲಾಟೆ ಆದರೆ ಏನು ಗತಿ ಅನ್ನೋದೂ ಒಂದು ಚಿಂತೆ.

ಗಡಿನಾಡು:
ಬೆಳಗಾವಿ ಗಡಿ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹಾಕಿದ ಕೇಸು ಸುಪ್ರೀಂ ಕೋರ್ಟ್‌ನಲ್ಲಿದೆ, ಅದಕ್ಕಾಗಿ ಯಾರೂ ಫ್ಯಾಕ್ಟರಿ ನಿಲ್ಲಿಸಿಲ್ಲ. ಆದರೆ 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿ ಟೋಲ್ ಹತ್ತಿರ ಎಂಎಚ್ ನಂಬರಿನ ಲಾರಿಗಳಿಗೆ ಕಲ್ಲು ಬಿತ್ತು, ಅತ್ತ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಆ ಹೊತ್ತಿಗೆ ಬಸ್ ನಿಂತರೆ ಆಪರೇಟರ್ ಬರೋದು ಹೇಗೆ? ನಿಪ್ಪಾಣಿ ಹುಡುಗರಿಗೆ ಎರಡೂ ಭಾಷೆ ಬರುತ್ತೆ, ಅದು ದೊಡ್ಡ ಬಲ. ಎಲ್ಲಿ ಹಾಕಿದರೂ ಶೆಡ್ ಇರೋ ರಾಜ್ಯದಲ್ಲೇ ಮನೆ ಇರೋ ಒಬ್ಬಿಬ್ಬರನ್ನಾದರೂ ಇಟ್ಕೊಳ್ಳಿ, ಮಷಿನ್ ನಿಲ್ಲಲ್ಲ.

ಲೆಕ್ಕಪತ್ರ:
ಆ ಇಬ್ಬರಲ್ಲಿ ತಿಂಗಳಿಗೆ ಎಷ್ಟು ಪೀಸ್ ಅಂತ ಪಿಒ (ಪರ್ಚೇಸ್ ಆರ್ಡರ್) ಬರೆದು ಕೊಡೋರು ಯಾರು? ಅವರಿರೋ ಕಡೆಯೇ ಮೊದಲ ವರ್ಷ ಬಾಡಿಗೆ ಶೆಡ್ ಹಿಡೀರಿ. ಪ್ಲಾಟ್ ಆಮೇಲೆ. ಎಂಐಡಿಸಿದು 95 ವರ್ಷದ ಲೀಸ್, ಕೆಐಎಡಿಬಿದು ಲೀಸ್-ಕಮ್-ಸೇಲ್, ಅಂದರೆ ಮೊದಲು ಲೀಸ್, ಆಮೇಲೆ ಮಾರಾಟ. ಎರಡರಲ್ಲೂ ಹೇಳಿದ ಗಡುವಿನೊಳಗೆ ಕಟ್ಟಡ ಎಬ್ಬಿಸಬೇಕು. ಆರ್ಡರ್ ಇಲ್ಲದೆ ಆ ಸಾಲ ಮೈಮೇಲೆ ಎಳ್ಕೋಬೇಡಿ.