ಬಾಕ್ಸ್‌ಸ್ಟರ್ ತಗೊಳ್ಳೋದಾದ್ರೆ 2003ರದ್ದಾ, 2009ರದ್ದಾ?

ಪ್ರಶ್ನೆ: ಸರ್ ನಮಸ್ಕಾರ, ನ್ಯೂಜೆರ್ಸಿಲಿ ಇದೀನಿ. ದಿನದ ಓಡಾಟಕ್ಕೆ ಕ್ಯಾಮ್ರಿ ಇದೆ, ವೀಕೆಂಡಿಗೆ ಅಂತ ಬಟ್ಟೆ ಟಾಪಿನ ಹಳೇ ಸ್ಪೋರ್ಟ್ಸ್ ಕಾರು ಪೋರ್ಶೆ ಬಾಕ್ಸ್‌ಸ್ಟರ್ ತಗೊಳ್ಳೋ ಹುಚ್ಚು ಹತ್ತಿದೆ. 2003ರ ಎಸ್ (ಬೇಸ್‌ಗಿಂತ ಜಾಸ್ತಿ ಪವರಿನ ಮಾಡೆಲ್) ಒಂದಿದೆ, 78 ಸಾವಿರ ಮೈಲಿ, 14 ಸಾವಿರ ಡಾಲರ್ ಹೇಳ್ತಿದಾರೆ. ಇನ್ನೊಂದು 2009ರ ಬೇಸ್ ಮಾಡೆಲ್, 60 ಸಾವಿರ ಮೈಲಿ, 24 ಸಾವಿರ. ಎರಡೂ ಮ್ಯಾನ್ಯುಅಲ್. ಹಳೇದಕ್ಕೆ ಐಎಂಎಸ್ ಬೇರಿಂಗ್ ಭಯ ಅಂತ ಎಲ್ರೂ ಹೆದರಿಸ್ತಾರೆ. ಮನೆಯವಳು "ಎರಡೇ ಸೀಟಾ?" ಅಂದಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಉತ್ತರ (ಮೆಕ್ಯಾನಿಕ್): ಆ ಸೀಟಿನ ಪ್ರಶ್ನೆಗೆ ನಾನು ಬರಲ್ಲ ಸ್ವಾಮಿ 😄

ಪವರ್ ನೋಡಿ ತಲೆ ಕೆಡಿಸ್ಕೋಬೇಡಿ, ಹಳೇ ಎಸ್ 258 ಹಾರ್ಸ್‌ಪವರ್, 2009ರ ಬೇಸ್ 255, ಅಲ್ಲಿಗೆ ಸಮ. ವ್ಯತ್ಯಾಸ ಇರೋದು ಇಂಜಿನ್ ಹೊಟ್ಟೆಯೊಳಗೆ. ಹಳೇದ್ರಲ್ಲಿ ಕ್ರ್ಯಾಂಕಿಂದ ಕ್ಯಾಮಿಗೆ ಮಧ್ಯೆ ಒಂದು ಶಾಫ್ಟ್ ಇದೆ, ಅದರ ತುದಿಯಲ್ಲಿರೋದೇ ನೀವು ಹೇಳಿದ ಐಎಂಎಸ್ ಬೇರಿಂಗ್, ಅದು ಹೋಯ್ತು ಅಂದ್ರೆ ಲೋಹದ ಪುಡಿ ಇಂಜಿನ್ ತುಂಬಾ ಹರಡಿ ಟೈಮಿಂಗ್ ತಪ್ಪಿ ಇಂಜಿನ್ನೇ ಕೈಗೆ ಬರುತ್ತೆ. ಎಲ್ಲಾ ಗಾಡೀಲೂ ಹೋಗಲ್ಲ, ಹೆಚ್ಚಿನವು ಓಡ್ತಾನೇ ಇವೆ. 2009ರ ಇಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ, ಕಥೆ ಮುಗೀತು.

ಆದ್ರೆ ಹಳೇದರ ಬೇರಿಂಗ್ ಬದಲಾಯಿಸ್ಬೋದು. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸ್ಬೇಕು, ಅದಕ್ಕೇ ಎಲ್ರೂ ಕ್ಲಚ್ ಹಾಕಿಸುವಾಗ್ಲೇ ಅದನ್ನೂ ಮುಗಿಸ್ತಾರೆ. ಓನರ್ ಹತ್ರ ಬೇರಿಂಗ್ ಬದಲಾಯಿಸಿದ ಬಿಲ್ ಕೇಳಿ, ಬಾಯ್ಮಾತು ಬೇಡ. ಬಿಲ್ ಇದ್ರೆ ನಾನಾದ್ರೆ 2003ರದ್ದೇ ತಗೊಂಡು, ಉಳಿದ 10ರಲ್ಲಿ 4 ಸಾವಿರ ರಿಪೇರಿಗೆ ಅಂತ ಮುಟ್ಟದೆ ಇಡ್ತಿದ್ದೆ, ಯಾಕಂದ್ರೆ ಕೂಲಂಟ್ ಟ್ಯಾಂಕ್ ಬಿರುಕು ಬಿಡೋದು, ವಾಟರ್ ಪಂಪ್, ಇವೆಲ್ಲಾ ಒಂದಾದ್ಮೇಲೊಂದು ಬರೋ ನೆಂಟ್ರು. ಬಿಲ್ ಇಲ್ಲ ಅಂದ್ರೆ ಆ ಕೆಲಸದ ಖರ್ಚು ರೇಟಲ್ಲಿ ಕಳೀರಿ, ಒಪ್ಪಲಿಲ್ಲ ಅಂದ್ರೆ ಎದ್ದು ಬನ್ನಿ.

ಇನ್ನೊಬ್ಬ ಸದಸ್ಯ: ಎರಡರ ಮಧ್ಯೆ 2007ರದ್ದು ತಗೊಂಡ್ರೆ ಸೇಫ್ ಅಲ್ವಾ ಸರ್?

ಉತ್ತರ: ಎಲ್ರೂ ಇದೇ ಲೆಕ್ಕ ಹಾಕ್ತಾರೆ. ಅದರಲ್ಲಿ ಬೇರಿಂಗ್ ದೊಡ್ಡದು, ಕೆಡೋದು ಕಮ್ಮಿ, ಒಪ್ತೀನಿ. ಆದ್ರೆ ಬದಲಾಯಿಸ್ಬೇಕು ಅಂದ್ರೆ ಇಂಜಿನ್ ಕೇಸ್ ಬಿಚ್ಚಿ ಎರಡು ಭಾಗ ಮಾಡ್ಬೇಕು. ಹಳೇದ್ರಲ್ಲಿ ಭಯ ಇದೆ, ಮದ್ದೂ ಇದೆ. 2007ರದ್ದಕ್ಕೆ ಸಿಲಿಂಡರ್ ಗೋಡೆ ಗೀಚೋ ಕಾಯಿಲೆ ಬೇರೆ, 3.4 ಲೀಟರಿನ ಎಸ್ ಆದ್ರೆ ಬೋರ್‌ಸ್ಕೋಪ್ (ಸಿಲಿಂಡರ್ ಒಳಗೆ ಇಳಿಸೋ ಸಣ್ಣ ಕ್ಯಾಮೆರಾ) ಹಾಕಿ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ.

ಯಾವುದೇ ಆಗ್ಲಿ, ಆಯಿಲ್ ಫಿಲ್ಟರ್ ಕುಯ್ದು ಮಿನುಗೋ ಪುಡಿ ಇದ್ಯಾ ನೋಡ್ಸಿ. ಕಂಪ್ಯೂಟರಲ್ಲಿ ಓವರ್‌ರೆವ್ ರೀಡಿಂಗ್ ತೆಗ್ಸಿ, ತಪ್ಪು ಗೇರಿಗೆ ಹಾಕಿ ಕಿರುಚಿಸಿದ್ರೆ ಅದರಲ್ಲೇ ಇರುತ್ತೆ. ಮುಂದಿನ ಬಂಪರ್ ತೂತಲ್ಲಿ ಟಾರ್ಚ್ ಬಿಡಿ, ರೇಡಿಯೇಟರ್ ಮೇಲೆ ಎಲೆ ಕೂತು ಕೊಳೆತಿರುತ್ತೆ. ಅಂದಹಾಗೆ ಗಾಡಿ ಎಲ್ಲಿ ನಿಲ್ಲಿಸ್ತೀರ?

ಪ್ರಶ್ನೆ ಕೇಳಿದವರು: ಅಪಾರ್ಟ್‌ಮೆಂಟ್ ಪಾರ್ಕಿಂಗ್ ಸರ್, ಓಪನ್ನು. ಮೇಲೆ ದೊಡ್ಡ ಮೇಪಲ್ ಮರ.

ಉತ್ತರ: ಅಯ್ಯೋ. ಬಟ್ಟೆ ಟಾಪ್ ಬುಡದಲ್ಲಿ ನೀರು ಇಳಿಯೋ ತೂತುಗಳಿವೆ, ಎಲೆ ಕಟ್ಕೊಂಡ್ರೆ ನೀರು ಒಳಗಡೆ ಬರುತ್ತೆ. 2003ರದ್ರಲ್ಲಿ ಡ್ರೈವರ್ ಸೀಟ್ ಕೆಳಗೇನೇ ಇಮ್ಮೊಬಿಲೈಜರ್ (ಕಳ್ಳತನ ತಡೆಯೋ ಎಲೆಕ್ಟ್ರಾನಿಕ್ಸ್) ಡಬ್ಬಿ ಇರೋದು, ಅದು ನೆಂದ್ರೆ ಗಾಡಿ ಸ್ಟಾರ್ಟೇ ಆಗಲ್ಲ. ಮೊದ್ಲು ಬೇರೆ ಪಾರ್ಕಿಂಗ್ ಹುಡುಕಿ, ಆಮೇಲೆ 2003ರ ಬಿಲ್ ಫೋಟೋ ಇಲ್ಲಿ ಹಾಕಿ ನೋಡೋಣ.