ಪದಚರ್ಚೆ: ‘ಇನ್‌ಫೀಲ್ಡರ್’, ‘ಶಾರ್ಟ್‌ಸ್ಟಾಪ್’, ‘ಬೇಸ್ ಕದಿಯುವುದು’ – ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ವೆನೆಜುವೆಲಾದ ಬೇಸ್‌ಬಾಲ್ ಆಟಗಾರ ಲೂಯಿಸ್ ಅಪರೀಸಿಯೊ ಅವರ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಓದುವವರು ಕ್ರಿಕೆಟ್ ಚೆನ್ನಾಗಿ ಬಲ್ಲವರು, ಬೇಸ್‌ಬಾಲನ್ನು ಟಿ.ವಿ.ಯಲ್ಲಿ ಎಂದೋ ಒಮ್ಮೆ ಕಂಡವರು. ಬರಹ ಮೂರು ಪದಗಳ ಹತ್ತಿರ ನಿಂತುಬಿಟ್ಟಿದೆ. ‘ಆಟಗಾರ’, ‘ಕ್ಷೇತ್ರರಕ್ಷಕ’, ‘ಚುರುಕಾಗಿ ಓಡಿದರು’ ಎಂದು ತೇಲಿಸಿ ಮುಂದೆ ಹೋಗಬಹುದು. ಹಾಗೆ ಮಾಡಿದರೆ ಈ ಮನುಷ್ಯ ಯಾಕೆ ದೊಡ್ಡವರು ಅನ್ನುವುದೇ ಓದುಗರಿಗೆ ಗೊತ್ತಾಗುವುದಿಲ್ಲ. ಅವರ ಹಿರಿಮೆ ಅವರು ನಿಂತ ಜಾಗದಲ್ಲಿದೆ, ಓಡಿದ ರೀತಿಯಲ್ಲಿದೆ. ದಾಂಡಿನ ಲೆಕ್ಕ ನೋಡಿದರೆ ಸರಾಸರಿ .262, ಅಂದರೆ ಸಾವಿರ ಸಲ ದಾಂಡು ಹಿಡಿದು ನಿಂತು 262 ಸಲ ಸಫಲ. (ಕ್ರಿಕೆಟ್ಟಿನ ಸರಾಸರಿಗೂ ಇದಕ್ಕೂ ಸಂಬಂಧವಿಲ್ಲ, ಲೇಖನದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು.) ಕೆಟ್ಟದ್ದಲ್ಲ, ಆದರೆ ಬರೀ ಆ ಅಂಕಿಯಿಂದ ಯಾರೂ ಬೇಸ್‌ಬಾಲಿನ ಮಹನೀಯರನ್ನು ಗೌರವಿಸುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಸೇರುವುದಿಲ್ಲ. ಅಪರೀಸಿಯೊ 1984ರಲ್ಲಿ ಸೇರಿದರು, ಆ ಗೌರವ ಪಡೆದ ಮೊದಲ ವೆನೆಜುವೆಲಾದವರಾಗಿ.

ಮೊದಲನೆಯ ಪದ ಇನ್‌ಫೀಲ್ಡರ್. ಇದನ್ನು ‘ಒಳಾಂಗಣ ಆಟಗಾರ’ ಅನ್ನುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ‘ಒಳಾಂಗಣ ಕ್ರೀಡಾಂಗಣ’ ಅಂದರೆ ಸೂರಿನ ಕೆಳಗಿನದು ಎಂಬ ಅರ್ಥ ನೆಲೆನಿಂತಿದೆ. ಷಟಲ್, ಟೇಬಲ್ ಟೆನಿಸ್ ಆಡುವವರೇ ಕಣ್ಣ ಮುಂದೆ ಬರುತ್ತಾರೆ. ‘ಅಂತರ್‌ಕ್ಷೇತ್ರ ರಕ್ಷಕ’ ಎಂದರೆ ವ್ಯಾಕರಣ ಸರಿಯಿರಬಹುದು, ಬಾಯಲ್ಲಿ ನಿಲ್ಲುವುದಿಲ್ಲ. ನನಗೆ ಒಪ್ಪಿಗೆಯಾಗುವುದು ‘ಒಳಮೈದಾನ’, ‘ಹೊರಮೈದಾನ’. ಓಟಗಾರರು ಒಂದಾದ ಮೇಲೊಂದು ಮುಟ್ಟಬೇಕಾದ ಮೂರು ಬೇಸುಗಳು, ಕೊನೆಗೆ ಹೋಮ್, ಹೀಗೆ ನಾಲ್ಕು ಮೂಲೆಯ ಚೌಕದ ಸುತ್ತಮುತ್ತ ಕಾಯುವ ನಾಲ್ವರು ಒಳಮೈದಾನದವರು. ಹಿಂದೆ ದೂರದ ಹುಲ್ಲಿನಲ್ಲಿ ನಿಲ್ಲುವ ಮೂವರು ಹೊರಮೈದಾನದವರು. ‘ಒಳಮೈದಾನದ ಆಟಗಾರ’ ಅಂದಾಗ ಯಾರಿಗೂ ನಿಘಂಟು ಬೇಕಾಗುವುದಿಲ್ಲ ಅನ್ನಿಸುತ್ತದೆ.

ಈ ಸಾಮಾನ್ಯ ಪದ ಎಲ್ಲಿ ಬೇಕು, ಎಲ್ಲಿ ಸಾಲದು ಅನ್ನುವುದನ್ನೂ ಹೇಳಬೇಕು. ಈಗಿನ ವೆನೆಜುವೆಲಾದ ಲೂಯಿಸ್ ಅರಾಯೆಸ್ ಅವರನ್ನು ತೆಗೆದುಕೊಳ್ಳಿ. 2022ರಲ್ಲಿ ಮಿನೆಸೋಟ, 2023ರಲ್ಲಿ ಮಯಾಮಿ, 2024ರಲ್ಲಿ ಸ್ಯಾನ್ ಡಿಯಾಗೊ ಪರ ಆಡಿ ಮೂರು ವರ್ಷವೂ ತಮ್ಮ ಲೀಗಿನ ಬ್ಯಾಟಿಂಗ್ ಕಿರೀಟ, ಅಂದರೆ ಅತಿ ಹೆಚ್ಚು ಸರಾಸರಿಯ ಗೌರವ, ಗೆದ್ದವರು. ಅವರು ಒಮ್ಮೆ ಮೊದಲನೇ ಬೇಸಿನಲ್ಲಿ ನಿಂತರೆ ಇನ್ನೊಮ್ಮೆ ಎರಡನೆಯದರಲ್ಲಿ. ಅವರಿಗೆ ‘ಒಳಮೈದಾನದ ಆಟಗಾರ’ ಸರಿಯಾಗಿ ಕೂರುತ್ತದೆ. ಆದರೆ ಅಪರೀಸಿಯೊ? 1956ರಿಂದ 1973ರವರೆಗೆ ಅಮೆರಿಕದ ಮೇಜರ್ ಲೀಗಿನಲ್ಲಿ ಚೆಂಡು ತಡೆಯಲು ನಿಂತ 2,583 ಪಂದ್ಯಗಳಲ್ಲಿ ಅವರು ಶಾರ್ಟ್‌ಸ್ಟಾಪ್ ಜಾಗ ಬಿಟ್ಟು ಇನ್ನೆಲ್ಲೂ ನಿಲ್ಲಲಿಲ್ಲ. ಒಂದೇ ಒಂದು ದಿನ ಕೂಡ. ಅವರನ್ನು ‘ಒಳಮೈದಾನದ ಆಟಗಾರ’ ಅಂದು ಬಿಟ್ಟರೆ ಮಾತು ಸುಳ್ಳಾಗುವುದಿಲ್ಲ, ಆದರೆ ಹೇಳಬೇಕಾದದ್ದು ಉಳಿದೇಹೋಗುತ್ತದೆ.

ಹಾಗಾಗಿ ಎರಡನೆಯ ಪದಕ್ಕೆ ಬರುತ್ತೇನೆ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೇ ಮತ್ತು ಮೂರನೇ ಬೇಸಿನ ನಡುವೆ. ಬಲಗೈ ದಾಂಡಿಗರು ಬೀಸಿದ ನೆಲಚೆಂಡುಗಳು ಹೆಚ್ಚಾಗಿ ಅತ್ತಲೇ ಉರುಳುತ್ತವೆ. ಅಲ್ಲಿಂದ ಮೊದಲನೇ ಬೇಸು ದೂರ. ಬಗ್ಗಿ ಹಿಡಿದು, ನೆಟ್ಟಗಾಗುವ ಮುಂಚೆಯೇ ಗುರಿಯಿಟ್ಟು ಎಸೆಯಬೇಕು. ಇಲ್ಲಿನ ‘ಶಾರ್ಟ್’ ಎತ್ತರದ ಮಾತಲ್ಲ, ನಮ್ಮ ‘ಶಾರ್ಟ್ ಲೆಗ್’ ಇದ್ದಂತೆ ಹತ್ತಿರ ಅನ್ನುವ ಅರ್ಥ. 1849–50ರ ಸುಮಾರಿಗೆ ನ್ಯೂಯಾರ್ಕಿನ ನಿಕರ್‌ಬಾಕರ್ಸ್ ತಂಡದ ಡಾಕ್ ಆಡಮ್ಸ್ ಈ ಜಾಗವನ್ನು ಹುಟ್ಟುಹಾಕಿದಾಗ ಕೆಲಸವೇ ಬೇರೆಯಿತ್ತು. ಆಗಿನ ಚೆಂಡು ಹಗುರ, ದೂರದಿಂದ ಎಸೆದರೆ ತಲುಪುತ್ತಿರಲಿಲ್ಲ. ಹೊರಮೈದಾನದಿಂದ ಬಂದದ್ದನ್ನು ನಡುದಾರಿಯಲ್ಲಿ ಹಿಡಿದು ಒಳಕ್ಕೆ ದಾಟಿಸಲು ಒಬ್ಬರು ಬೇಕಿತ್ತು. ಚೆಂಡು ಗಟ್ಟಿಯಾದ ಮೇಲೆ ಆ ಆಳು ಒಳಕ್ಕೆ ಸರಿದರು, ಹೆಸರು ಹಾಗೇ ಉಳಿಯಿತು. ಅಪರೀಸಿಯೊ ಕುಳ್ಳಗಿದ್ದು ‘ಲಿಟ್ಲ್ ಲೂಯಿ’ ಎಂದು ಕರೆಸಿಕೊಂಡವರಾದ್ದರಿಂದ, ಓದುಗರು ಎರಡು ‘ಚಿಕ್ಕ’ಗಳನ್ನೂ ಒಂದೇ ಎಂದು ತಿಳಿಯುವ ಅಪಾಯವಿದೆ. ‘ಕಿರುತಡೆಗಾರ’ ಪದ ನನಗೆ ಬೇಡವಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಸ್ಪ್ಯಾನಿಷ್ ಮಾತಾಡುವವರು ಏನು ಮಾಡಿದ್ದಾರೆ ನೋಡಿದರೆ ಧೈರ್ಯ ಬರುತ್ತದೆ. ಆಟ ಅವರಿಗೂ ಇಂಗ್ಲಿಷಿನಿಂದಲೇ ಬಂದದ್ದು. ಹೋಮ್ ರನ್ ಅನ್ನು ಅವರು ಕಿವಿಗೆ ಬಿದ್ದಂತೆ ‘ಹೊನ್‌ರೋನ್’ ಮಾಡಿಕೊಂಡರು. ಶಾರ್ಟ್‌ಸ್ಟಾಪಿಗೆ ‘ಕಾಂಪೊಕೋರ್ತೊ’ ಎಂಬ ನೇರ ಅನುವಾದವೂ ಇದೆ, ‘ತೋರ್ಪೆದೇರೊ’ ಅಂದರೆ ಟಾರ್ಪಿಡೊ ದೋಣಿ ಎಂಬ ಅಡ್ಡಹೆಸರೂ ಇದೆ. ಹೊರಮೈದಾನದವರು ‘ಹಾರ್ದಿನೇರೊ’, ಅಂದರೆ ತೋಟಗಾರರು. ನನಗೆ ಅತಿ ಇಷ್ಟವಾದದ್ದು ಮೂರನೇ ಬೇಸಿನವರ ಹೆಸರು: ‘ಆಂತೆಸಾಲಿಸ್ತಾ’, ಒಳಗಿನ ಕೋಣೆಗೆ ಮುಂಚಿನ ಕೋಣೆಯಲ್ಲಿರುವವರು. ಮೂರನೇ ಬೇಸು ದಾಟಿದರೆ ಮುಂದಿನದು ಹೋಮ್ ತಾನೆ! ಕನ್ನಡದಲ್ಲಿ ಪಡಸಾಲೆಯವರು ಅನ್ನಬಹುದಿತ್ತು. ಒಂದೇ ವಸ್ತುವಿಗೆ ಎರವಲು ಪದ, ಅನುವಾದ, ಅಡ್ಡಹೆಸರು ಮೂರೂ ಪಕ್ಕಪಕ್ಕದಲ್ಲಿ ಬದುಕಬಹುದು ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ನನ್ನ ನಿಲುವು ಹೀಗಿದೆ. ಜಾಗದ ಹೆಸರು ‘ಶಾರ್ಟ್‌ಸ್ಟಾಪ್’ ಎಂದೇ ಇರಲಿ. ‘ಸಿಲ್ಲಿ ಪಾಯಿಂಟ್’, ‘ಗಲ್ಲಿ’ಗಳನ್ನು ನಾವು ಹಾಗೇ ಇಟ್ಟುಕೊಂಡಿಲ್ಲವೆ? ಮೊದಲ ಸಲ ಬಂದಾಗ ‘ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಸಂದು ಕಾಯುವವರು’ ಎಂದು ವಿವರಿಸಿದರೆ ಸಾಕು. ಆದರೆ ಅಲ್ಲಿ ನಡೆಯುವ ಕೆಲಸದ ಮಾತುಗಳು ಕನ್ನಡದವೇ ಆಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ಎಸೆತ’ ಆಗಲೇ ಕ್ರಿಕೆಟ್ಟಿನಲ್ಲಿದೆ. ನಿಜ ಹೇಳಬೇಕೆಂದರೆ ಮೊಣಕೈ ಮಡಿಸಿ ಎಸೆಯುವ ಬೇಸ್‌ಬಾಲಿಗೇ ಅದು ಹೆಚ್ಚು ಒಪ್ಪುತ್ತದೆ. ‘ದಾಂಡಿಗ’ ಚಿನ್ನಿದಾಂಡಿನ ನೆನಪು ಹೊತ್ತ ಪದ, ಅದೂ ಇರಲಿ. ಡಬಲ್ ಪ್ಲೇಗೆ ‘ಜೋಡಿ ಔಟ್’ ಸೂಚಿಸುತ್ತೇನೆ. ಶಿಕಾಗೊ ವೈಟ್ ಸಾಕ್ಸ್‌ನಲ್ಲಿ ಅಪರೀಸಿಯೊ ಮತ್ತು ಎರಡನೇ ಬೇಸಿನ ನೆಲ್ಲಿ ಫಾಕ್ಸ್ ಸೇರಿ ಮಾಡುತ್ತಿದ್ದ ಕೆಲಸವೇ ಅದು. ಮೊದಲನೇ ಬೇಸಿನಲ್ಲಿ ಎದುರಾಳಿ ಓಟಗಾರರಿದ್ದಾಗ ನೆಲಚೆಂಡು ಬಂದರೆ ಅಪರೀಸಿಯೊ ಹಿಡಿದು ಫಾಕ್ಸ್‌ಗೆ ಕೊಡುವುದು, ಫಾಕ್ಸ್ ಎರಡನೇ ಬೇಸು ತುಳಿದು ಮೊದಲನೆಯದಕ್ಕೆ ಎಸೆಯುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರು ಔಟ್. ಆ ಇಬ್ಬರ ಕಂಚಿನ ಪ್ರತಿಮೆಗಳನ್ನು 2006ರಲ್ಲಿ ಶಿಕಾಗೊದ ಮೈದಾನದಲ್ಲಿ ನಿಲ್ಲಿಸಿದ್ದಾರೆ, ಒಬ್ಬರು ಚೆಂಡು ದಾಟಿಸುವಂತೆ, ಇನ್ನೊಬ್ಬರು ಕಾಯುವಂತೆ.

ಇನ್ನು ‘ಬೇಸ್’. ಇದಕ್ಕೆ ‘ನೆಲೆ’ ಅನ್ನಬಹುದು. ಆದರೆ ನಮ್ಮ ಕಡೆ ಚೌಕಾಬಾರದಲ್ಲಿ ಗೆರೆ ಎಳೆದ ಮನೆಗಳಿಗೆ ‘ಕಟ್ಟೆ’ ಅನ್ನುತ್ತೇವೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವ ಹಾಗಿಲ್ಲ. ಬೇಸಿನ ಮೇಲೆ ಕಾಲಿಟ್ಟ ಓಟಗಾರರ ಸ್ಥಿತಿಯೂ ಬಹುಪಾಲು ಅದೇ. ಹಾಗಾದರೆ ಮೊದಲನೇ ಕಟ್ಟೆ, ಎರಡನೇ ಕಟ್ಟೆ, ಮೂರನೇ ಕಟ್ಟೆ, ಕೊನೆಗೆ ಮನೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ ಅನ್ನುವುದೂ ಗೊತ್ತಿದೆ: ಬೇಸ್‌ಬಾಲಿನಲ್ಲಿ ಒಂದೇ ಕಟ್ಟೆಯಲ್ಲಿ ಒಂದೇ ತಂಡದ ಇಬ್ಬರು ಉಳಿಯುವಂತಿಲ್ಲ. ಬೇರೆ ಸೀಮೆಯವರು ಚೌಕಾಬಾರದ ಆ ಮನೆಗೆ ಏನನ್ನುತ್ತೀರಿ, ತಿಳಿಸಿ. ಪದಕ್ಕೆ ಎಷ್ಟು ಹರವಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಮೂರನೆಯದೇ ಹೆಚ್ಚು ಕಷ್ಟದ್ದು, ಯಾಕೆಂದರೆ ಅಪರೀಸಿಯೊ ಹೆಸರು ಮಾಡಿದ್ದೇ ಅದರಿಂದ. ಎಸೆತಗಾರರು ಚೆಂಡು ಬಿಡುವ ಹೊತ್ತಿಗೆ, ದಾಂಡಿಗರು ಹೊಡೆಯದಿದ್ದರೂ, ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಓಡಿ ತಲುಪುವುದನ್ನು ಇಂಗ್ಲಿಷಿನಲ್ಲಿ ಬೇಸ್ ಕದಿಯುವುದು ಅನ್ನುತ್ತಾರೆ. 1950ರ ದಶಕದಲ್ಲಿ ತಂಡಗಳು ಹೆಚ್ಚಾಗಿ ದೊಡ್ಡ ಹೊಡೆತಕ್ಕಾಗಿ ಕಾಯುತ್ತಿದ್ದವು, ಓಡುವ ಕಲೆ ಹಿಂದೆ ಸರಿದಿತ್ತು. ಅಂಥ ಹೊತ್ತಿನಲ್ಲಿ ಅಪರೀಸಿಯೊ 1956ರಿಂದ 1964ರವರೆಗೆ, ಒಂದೂ ವರ್ಷ ಬಿಡದೆ, ಒಂಬತ್ತು ಋತುಗಳಲ್ಲಿ ಇದರಲ್ಲಿ ಅಮೆರಿಕನ್ ಲೀಗಿನ (ಮೇಜರ್ ಲೀಗಿನ ಎರಡು ಲೀಗುಗಳಲ್ಲಿ ಒಂದು) ಅಗ್ರ ಸ್ಥಾನದಲ್ಲಿದ್ದರು. 1959ರಲ್ಲಿ 56 ಸಲ, 1964ರಲ್ಲಿ 57 ಸಲ, ಇಡೀ ಆಟದ ಬದುಕಿನಲ್ಲಿ ಒಟ್ಟು 506. 1959ರ ಆ ಶಿಕಾಗೊ ತಂಡಕ್ಕೆ ‘ಗೋ-ಗೋ’ ಎಂಬ ಹೆಸರೇ ಬಂತು. 1919ರ ನಂತರ ಮೊದಲ ಸಲ ಲೀಗ್ ಗೆದ್ದಿತು. ಎರಡು ಲೀಗುಗಳ ವಿಜೇತರ ನಡುವಿನ ವಿಶ್ವ ಸರಣಿಯಲ್ಲಿ ಲಾಸ್ ಏಂಜಲಿಸ್‌ಗೆ ಸೋತರೂ ಆ ವರ್ಷದ ಅತ್ಯುತ್ತಮ ಆಟಗಾರರ ಆಯ್ಕೆಯಲ್ಲಿ ಫಾಕ್ಸ್ ಮೊದಲನೆಯವರಾದರು, ಅಪರೀಸಿಯೊ ಎರಡನೆಯವರು.

ಈ ಓಟಕ್ಕೆ ‘ಕಳ್ಳೋಟ’ ಅನ್ನಬಹುದು ಎಂದು ಗೆಳೆಯರೊಬ್ಬರು ಸೂಚಿಸಿದರು. ‘ಕಳ್ಳಹೆಜ್ಜೆ’, ‘ಕಳ್ಳನೋಟ’ಗಳಲ್ಲಿ ಬೈಗುಳ ಇಲ್ಲ, ಜಾಣತನ ಮತ್ತು ಸದ್ದಿಲ್ಲದಿರುವಿಕೆ ಇದೆ, ಆ ದೃಷ್ಟಿಯಿಂದ ಪದ ಚೆನ್ನಾಗಿದೆ. ಆದರೆ ಚುನಾವಣೆಯ ಕಾಲದ ‘ಕಳ್ಳೋಟು’ ಅದರ ಪಕ್ಕದಲ್ಲೇ ಕೂತಿದೆ. ‘ಅಪರೀಸಿಯೊ 506 ಕಳ್ಳೋಟ ಮಾಡಿದರು’ ಎಂದು ಅಚ್ಚಾದರೆ ಅವರಿಗೆ ಅನ್ಯಾಯವಾಗುತ್ತದೆ. ಅದಕ್ಕಿಂತ ‘ಕದ್ದು ನೋಡು’, ‘ಕದ್ದು ಕೇಳು’ ಎಂಬ ಬಳಕೆಯ ದಾರಿ ಹಿಡಿದು ‘ಎರಡನೇ ಕಟ್ಟೆಗೆ ಕದ್ದೋಡಿದರು’ ಎಂದು ಕ್ರಿಯಾಪದ ಮಾಡಿಕೊಂಡರೆ ಹೇಗೆ? ನಾಮಪದ ಬೇಕಾದಲ್ಲಿ ‘ಕದ್ದೋಟ’. ಭೂತ ಕೃದಂತದ ಮೇಲೆ ನಾಮಪದ ಹತ್ತಿಸುವುದು ಸರಿಯೇ ಎಂದು ವ್ಯಾಕರಣ ಬಲ್ಲವರು ಕೇಳಬಹುದು. ಅವರ ಅಭಿಪ್ರಾಯವೇ ನನಗೆ ಮುಖ್ಯವಾಗಿ ಬೇಕಾಗಿದೆ.

ಹೆಸರಿನ ಉಚ್ಚಾರದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಕಾಗುಣಿತ ನೋಡಿ ‘ಅಪರಿಶಿಯೊ’, ‘ಅಪಾರಿಕಿಯೊ’ ಎಂದೆಲ್ಲ ಬರೆಯುವ ಸಾಧ್ಯತೆ ಇದೆ. ಅವರ ನಾಡಿನ ಸ್ಪ್ಯಾನಿಷಿನಲ್ಲಿ ಅಲ್ಲಿ ಸಕಾರವೇ. ಒತ್ತು ‘ರೀ’ ಮೇಲೆ. ‘ಅಪರೀಸಿಯೊ’ ಸಾಕು. ತಂದೆಯ ಹೆಸರೂ ಲೂಯಿಸ್ ಅಪರೀಸಿಯೊ, ಅವರೂ ಶಾರ್ಟ್‌ಸ್ಟಾಪ್, ಊರಿನಲ್ಲಿ ‘ಎಲ್ ಗ್ರಾಂದೆ’ ಎಂದು ಹೆಸರಾದವರು. ಮಾರಕೈಬೊ ನಗರದ ಮೈದಾನಕ್ಕೆ ಇಟ್ಟಿರುವುದು ಆ ತಂದೆಯ ಹೆಸರನ್ನು. 1953ರ ನವೆಂಬರ್ 18, ಊರಿನ ಚಿಕಿಂಕಿರಾ ಮಾತೆಯ ಹಬ್ಬದ ದಿನ, ತಂದೆ ಗವಿಲಾನೆಸ್ ತಂಡದ ಪರ ಮೊದಲ ದಾಂಡಿಗರಾಗಿ ನಿಂತು, ಒಂದೇ ಎಸೆತ ಎದುರಿಸಿ, ಪಕ್ಕಕ್ಕೆ ಸರಿದು ದಾಂಡನ್ನು ಮಗನ ಕೈಗಿತ್ತರು. ಮಗನಿಗೆ ಆಗ 19 ವರ್ಷ. ಮೂರು ವರ್ಷದೊಳಗೆ ಶಿಕಾಗೊ. ಅಲ್ಲಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಅದಕ್ಕೂ ಮುಂಚೆ ಇದ್ದವರು ಕೂಡ ವೆನೆಜುವೆಲಾದವರೇ, ಚಿಕೊ ಕರಾಸ್ಕೆಲ್. ಲ್ಯಾಟಿನ್ ಅಮೆರಿಕದಿಂದ ಬಂದು ಆಲ್-ಸ್ಟಾರ್ ಪಂದ್ಯ (ಎರಡೂ ಲೀಗುಗಳ ಆಯ್ದ ಆಟಗಾರರ ಪಂದ್ಯ) ಆಡಿದವರಲ್ಲಿ ಮೊದಲಿಗರು. ಅವರನ್ನು ಕ್ಲೀವ್‌ಲೆಂಡಿಗೆ ಕಳಿಸಿ ಜಾಗ ತೆರವು ಮಾಡಿದ್ದರು. 1956ರ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅಪರೀಸಿಯೊ ಅವರಿಗೆ ಬಂತು.

ಆ ಜಾಗವೇ ವೆನೆಜುವೆಲಾದಲ್ಲಿ ಒಂದು ಪರಂಪರೆಯಾಗಿದೆ. ಸಿನ್ಸಿನಾಟಿಯ ಡೇವ್ ಕನ್ಸೆಪ್ಸಿಯೋನ್, ಶಿಕಾಗೊದ ಓಜಿ ಗಿಯೆನ್, ಆಮೇಲೆ ಒಮಾರ್ ವಿಸ್ಕೆಲ್. ಅಪರೀಸಿಯೊ ಅವರ 2,583 ಪಂದ್ಯಗಳ ದಾಖಲೆಯನ್ನು 2008ರಲ್ಲಿ ದಾಟಿದವರು ವಿಸ್ಕೆಲ್. 2010ರಲ್ಲಿ ಅವರು ವೈಟ್ ಸಾಕ್ಸ್ ಸೇರಿದಾಗ, ಯಾರಿಗೂ ಕೊಡದೆ ತೆಗೆದಿಟ್ಟಿದ್ದ 11ನೇ ಸಂಖ್ಯೆಯ ಅಂಗಿ ತೊಡಲು ಅಪರೀಸಿಯೊ ತಾವೇ ಒಪ್ಪಿಗೆ ಕೊಟ್ಟರು. ಈ ಸಾಲನ್ನು ‘ಒಳಮೈದಾನದ ಆಟಗಾರರು’ ಎಂಬ ಒಂದೇ ಪದದಡಿ ಹಾಕಿದರೆ ಪರಂಪರೆಯ ದಾರವೇ ಕಡಿದುಹೋಗುತ್ತದೆ.

ಉಳಿದದ್ದನ್ನು ಲೇಖನದಲ್ಲಿ ಚಿಕ್ಕದಾಗಿ ಹೇಳುತ್ತೇನೆ: 1963ರಲ್ಲಿ ಬಾಲ್ಟಿಮೋರ್‌ಗೆ ಹೋದದ್ದು, 1966ರಲ್ಲಿ ವಿಶ್ವ ಸರಣಿ ಗೆದ್ದದ್ದು, ಮತ್ತೆ ಶಿಕಾಗೊ, ಕೊನೆಗೆ ಬಾಸ್ಟನ್, ಚೆಂಡು ತಡೆಯುವ ಕೌಶಲಕ್ಕೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಒಟ್ಟು ಒಂಬತ್ತು. ಪದಗಳ ಪರೀಕ್ಷೆಗೆಂದು ಬಾಸ್ಟನ್ ಕಾಲದ ಒಂದು ಘಟನೆಯನ್ನು ಮೇಲಿನ ಪದಗಳಲ್ಲೇ ಬರೆದು ನೋಡಿದ್ದೇನೆ:

‘1972ರ ಅಕ್ಟೋಬರ್ 2, ಡೆಟ್ರಾಯಿಟ್. ಅಪರೀಸಿಯೊ ಕಟ್ಟೆಯ ಮೇಲಿದ್ದರು. ಅವರದೇ ತಂಡದ ಕಾರ್ಲ್ ಯಸ್ಟ್ರೆಮ್ಸ್ಕಿ ಬೀಸಿದ ಚೆಂಡು ಹೊರಮೈದಾನದ ಆಳಕ್ಕೆ ಹೋಯಿತು. ಮೂರನೇ ಕಟ್ಟೆ ತಿರುಗಿ ಮನೆಯ ಕಡೆ ಹೊರಟ ಅಪರೀಸಿಯೊ ಕಾಲು ಜಾರಿದರು. ಸಾವರಿಸಿಕೊಂಡು ಮೂರನೇ ಕಟ್ಟೆಗೇ ಮರಳಿದರೆ, ಯಸ್ಟ್ರೆಮ್ಸ್ಕಿ ಆಗಲೇ ಅಲ್ಲಿಗೆ ಬಂದಿದ್ದರು. ಒಂದು ಕಟ್ಟೆಯಲ್ಲಿ ಇಬ್ಬರಿಗೆ ಜಾಗವಿಲ್ಲ, ಯಸ್ಟ್ರೆಮ್ಸ್ಕಿ ಔಟಾದರು. ಪಂದ್ಯ ಡೆಟ್ರಾಯಿಟ್ ಪಾಲಾಯಿತು. ಋತು ಮುಗಿದಾಗ ಬಾಸ್ಟನ್ ವಿಭಾಗದ ಮೊದಲ ಸ್ಥಾನವನ್ನು ಅರ್ಧ ಪಂದ್ಯದಿಂದ ಕಳೆದುಕೊಂಡಿತ್ತು.’

ಓದುವಾಗ ಎಲ್ಲಿ ತಡೆಯಿತು ಎಂದು ದಯವಿಟ್ಟು ಬರೆಯಿರಿ. ಅಮೆರಿಕದಲ್ಲಿರುವ ಕನ್ನಡಿಗರು ಮನೆಯಲ್ಲಿ ಮಕ್ಕಳೊಂದಿಗೆ ಈ ಆಟ ನೋಡುವಾಗ ಯಾವ ಪದ ಬಳಸುತ್ತೀರಿ ಅನ್ನುವುದೂ ಬೇಕು. ನನಗೆ ಈಗಲೂ ದಾರಿ ಕಾಣದಿರುವುದು ಕೊನೆಯ ಆ ‘ಅರ್ಧ ಪಂದ್ಯ’. ಆ ವರ್ಷ ಆಟಗಾರರ ಮುಷ್ಕರದಿಂದ ಋತು ತಡವಾಗಿ ಶುರುವಾಗಿ, ರದ್ದಾದ ಪಂದ್ಯಗಳನ್ನು ಮತ್ತೆ ಆಡಿಸಲಿಲ್ಲ. ಡೆಟ್ರಾಯಿಟ್ 86 ಗೆದ್ದು 70 ಸೋತಿತು, ಬಾಸ್ಟನ್ 85 ಗೆದ್ದು 70 ಸೋತಿತು. ಆ ಒಂದು ಹೆಚ್ಚಿನ ಗೆಲುವಿನ ಲೆಕ್ಕಕ್ಕೆ ಅರ್ಧ ಪಂದ್ಯದ ಅಂತರ ಅನ್ನುತ್ತಾರೆ. ಅರ್ಧಕ್ಕೆ ನಿಂತ ಪಂದ್ಯ ಎಂದು ಓದುಗರು ತಿಳಿಯದ ಹಾಗೆ ಇದನ್ನು ಹೇಳುವ ಚಿಕ್ಕ ಕನ್ನಡ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.