‘ತೆರಾಫೀಮ್’ಗೆ ಮನೆದೇವರು ಅನ್ನಬಹುದಾ?

ಗೆಳೆಯರೇ,

ಯೆಹೂದಿಗಳ ಹಳೆಯ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೀಬ್ರೂವಿನ ‘ತೆರಾಫೀಮ್’ ಅನ್ನುವ ಒಂದು ಪದಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ದೇವರ ಮೂರ್ತಿಗೆ ಹಾಗನ್ನುತ್ತಿದ್ದರು.

ಬೈಬಲಿನ ಆದಿಕಾಂಡ 31ರಲ್ಲಿ ಯಾಕೋಬ ಮಾವನಿಗೆ ಹೇಳದೆ ಸಂಸಾರ ಕಟ್ಟಿಕೊಂಡು ಹೊರಡುತ್ತಾನೆ. ಅವನ ಹೆಂಡತಿ ರಾಹೇಲಳು ಅಪ್ಪ ಲಾಬಾನನ ತೆರಾಫೀಮನ್ನು ಕದಿಯುತ್ತಾಳೆ. ಅಪ್ಪ ಬೆನ್ನಟ್ಟಿ ಬಂದಾಗ ಅದನ್ನು ಒಂಟೆಯ ಜೀನಿನೊಳಗೆ ಬಚ್ಚಿಟ್ಟು ಮೇಲೆ ಕೂತುಬಿಡುತ್ತಾಳೆ.

ಮೊದಲು ‘ಮನೆದೇವರು’ ಅಂತ ಬರೆದೆ. ಓದಿದರೆ ನಗು ಬಂತು. ನಮ್ಮಲ್ಲಿ ಮನೆದೇವರು ಅಂದರೆ ಮನೆತನದ ದೇವರು. ‘ನಮ್ಮ ಮನೆದೇವರು ಮಾದಪ್ಪ’ ಅನ್ನುವವರು ಬೆಟ್ಟಕ್ಕೆ ಹೋಗಿ ಬರುತ್ತಾರೆ. ಆ ಮಾದಪ್ಪನನ್ನು ಜೀನಿನೊಳಗೆ ಬಚ್ಚಿಡೋದು ಹೇಗೆ?

‘ವಿಗ್ರಹ’ ಸುಲಭ, ಆದರೆ ಸಪ್ಪೆ. ಬೈಬಲಿನ ಕತೆಗಳನ್ನು ಬೆಳೆಸಿ ಹೇಳುವ, ಸುಮಾರು 8ನೇ ಶತಮಾನದ ಯೆಹೂದಿ ಗ್ರಂಥ ‘ಪಿರ್ಕೆ ದೆ-ರಬ್ಬಿ ಎಲೀಯೆಜೆರ್’ ತೆರಾಫೀಮ್ ಮಾಡುವ ಬಗೆಯನ್ನೇ ಹೇಳುತ್ತದೆ. ಚೊಚ್ಚಲಾಗಿ ಹುಟ್ಟಿದವನೊಬ್ಬನನ್ನು ಕೊಂದು, ತಲೆ ತೆಗೆದು ಉಪ್ಪು ಹಾಕುತ್ತಾರೆ. ಚಿನ್ನದ ತಗಡಿನ ಮೇಲೆ ದುಷ್ಟಶಕ್ತಿಯ ಹೆಸರು ಬರೆದು ಅದರ ನಾಲಿಗೆಯ ಕೆಳಗೆ ಇಡುತ್ತಾರೆ. ಗೋಡೆಯಲ್ಲಿಟ್ಟು, ದೀಪ ಹಚ್ಚಿ, ಅಡ್ಡಬಿದ್ದರೆ ತಲೆ ಮಾತಾಡುತ್ತದೆ! ಯಾಕೋಬ ಓಡಿಹೋದದ್ದನ್ನು ಅದು ಅಪ್ಪನಿಗೆ ಹೇಳಿಬಿಡುತ್ತದೆ ಅಂತ ರಾಹೇಲಳು ಕದ್ದಳಂತೆ. ಇಲ್ಲಿ ‘ತಗಡು’ ಮಾತ್ರ ತಡಕಾಡದೆ ಸಿಕ್ಕಿತು. ಯಂತ್ರ ಬರೆದು ತಾಯತಕ್ಕೆ ಸುರುಳಿ ಸುತ್ತುವವರು ಹೇಳುವುದೂ ತಗಡು ಅಂತಲೇ.

ಇನ್ನೊಂದು ತೊಡಕು ವಚನದ್ದು. ಕೊನೆಯ ‘ಈಮ್’ ಹೀಬ್ರೂವಿನಲ್ಲಿ ಬಹುವಚನ. ಆದರೆ 1 ಸಮುವೇಲ 19ರಲ್ಲಿ ಮೀಕಲಳು ಗಂಡ ದಾವೀದನನ್ನು ಕಿಟಕಿಯಿಂದ ಇಳಿಸಿ ಕಳಿಸಿ, ಅವನ ಹಾಸಿಗೆಯಲ್ಲಿ ತೆರಾಫೀಮ್ ಮಲಗಿಸುತ್ತಾಳೆ. ತಲೆಯ ಕಡೆ ಮೇಕೆ ಕೂದಲು ಬೇರೆ. ಅಲ್ಲಿ ಇದ್ದದ್ದು ಒಂದೇ ಇರಬೇಕು. ನಮ್ಮ ‘ದೇವರು’ ಕೂಡ ಹಾಗೇ ಅಲ್ವಾ? ರೂಪ ಬಹುವಚನ, ಆಸಾಮಿ ಒಬ್ಬನೇ. ಲಾಬಾನನೂ ‘ನನ್ನ ದೇವರುಗಳನ್ನು ಯಾಕೆ ಕದ್ದೆ’ ಅಂತಲೇ ಕೇಳುತ್ತಾನೆ. ಹಾಗಾಗಿ ‘ದೇವರು’ ಉಳಿಸಿಕೊಳ್ಳೋ ಆಸೆ.

ಸದ್ಯಕ್ಕೆ ‘ಜಗಲಿದೇವರು’ ಅಂತ ಬರೆದಿಟ್ಟಿದ್ದೇನೆ. ಉತ್ತರ ಕರ್ನಾಟಕದವರಿಗೆ ದೇವರ ಜಗಲಿ, ಅಂದರೆ ಮನೆಯೊಳಗೆ ದೇವರನ್ನು ಇಡುವ ಕಟ್ಟೆ, ಗೊತ್ತು. ಮಲೆನಾಡಿನವರು ಮಾತ್ರ ಹೊರಗೆ ಚಪ್ಪಲಿ ಬಿಡುವ ಜಗಲಿಯಲ್ಲಿ ದೇವರನ್ನು ಕೂರಿಸಿಬಿಡುತ್ತಾರೆ!

ದೇವರ ಕೋಣೆಯ ಸಣ್ಣ ಮೂರ್ತಿಗಳನ್ನು ಒಟ್ಟಾಗಿ ನಿಮ್ಮ ಕಡೆ ಏನಂತ ಕರೆಯುತ್ತಾರೆ? ಕೇಳಿದ್ದಕ್ಕೆ ಉತ್ತರ ಹೇಳುವ ಮೂರ್ತಿಗೆ ಬೇರೆ ಹೆಸರೇನಾದರೂ ಇದ್ದರೆ ಅದನ್ನೂ ತಿಳಿಸಿ.